ಸ್ಟಾರ್ಟ್ ಆಗದ ಕಾರು: ಗ್ಯಾರೇಜಿಗೆ ಫೋನ್ ಮಾಡುವ ಮುನ್ನ ಅಂಗಳದಲ್ಲೇ ದೋಷ ಹುಡುಕುವ ಕ್ರಮ

ಕಾರು ಸ್ಟಾರ್ಟ್ ಆಗದಿದ್ದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಕೀಲಿಯನ್ನು ಮತ್ತೆ ತಿರುಗಿಸುವುದು. ಆಗಲಿಲ್ಲವೇ, ಇನ್ನೊಮ್ಮೆ. ಅದೂ ಆಗಲಿಲ್ಲವೇ, ಆಕ್ಸಿಲರೇಟರ್ ತುಳಿದು ಮಗದೊಮ್ಮೆ. ಹೀಗೆ ಐದು ನಿಮಿಷ ಕಳೆಯುವಷ್ಟರಲ್ಲಿ ಬ್ಯಾಟರಿಯೂ ಬರಿದಾಗಿ, ಒಂದಿದ್ದ ತೊಂದರೆ ಎರಡಾಗಿರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳಪ್ರದೇಶಗಳಲ್ಲಿ ಮನೆ ಇರುವವರಿಗೆ ಇದು ದೊಡ್ಡ ತಾಪತ್ರಯ. ಡಾಮರು ರಸ್ತೆ ಬಿಟ್ಟು ತೋಟದ ದಾರಿಯಲ್ಲಿ ಇಳಿದ ಮೇಲೆ ಅಂಗಳ. ಮೆಕ್ಯಾನಿಕ್ ಪೇಟೆಯ ಕೆಲಸ ಮುಗಿಸಿ ಬರುವಾಗ ಮಧ್ಯಾಹ್ನ ಕಳೆದಿರುತ್ತದೆ, ಕಾರು ಎಳೆಯುವ ವಾಹನವಂತೂ ಆ ತಿರುವುಗಳಲ್ಲಿ ಇಳಿಯುವುದೇ ಅನುಮಾನ.

ಆದ್ದರಿಂದ ನನ್ನ ಮೊದಲ ನಿಯಮ: ಕಾರಣ ಹುಡುಕಲು ಹೊರಡದೆ ಎರಡು ಸಲಕ್ಕಿಂತ ಹೆಚ್ಚು ಕೀಲಿ ತಿರುಗಿಸಬೇಡಿ. ಮೊದಲನೆಯದು ಅಭ್ಯಾಸಬಲ, ಎರಡನೆಯದು ಕಿವಿಗಾಗಿ. ಎರಡನೆಯ ಸಲ ತಿರುಗಿಸುವ ಮೊದಲು ರೇಡಿಯೋ, ಎಸಿಯ ಫ್ಯಾನ್, ಹೆಡ್‌ಲೈಟ್ ಎಲ್ಲವನ್ನೂ ಆರಿಸಿ, ಕಿಟಕಿಯ ಗಾಜು ಇಳಿಸಿ, ಹಿಂದಿನ ಸೀಟಿನ ಮಕ್ಕಳನ್ನು ಒಂದು ನಿಮಿಷ ಸುಮ್ಮನಿರಿಸಿ ಕೇಳಿ. ದೋಷದ ಅರ್ಧ ಪಾಲು ಆ ಸದ್ದಿನಲ್ಲೇ ಗೊತ್ತಾಗುತ್ತದೆ.

ನೀರು ಕಟ್ಟಿದ ಜಾಗದಲ್ಲಿ ನಿಂತ ಕಾರಿಗೆ ಮಾತ್ರ ಈ ಎರಡು ಸಲದ ರಿಯಾಯಿತಿಯೂ ಇಲ್ಲ. ಅದನ್ನು ಕೀಲಿ ಮುಟ್ಟದೆ ಬಿಡಬೇಕು. ಕಾರಣ ಮುಂದೆ ಹೇಳುತ್ತೇನೆ.

ಬಾನೆಟ್ ಎತ್ತುವ ಮೊದಲು

ನಮ್ಮ ಕಡೆ ಸಮತಟ್ಟಾದ ಅಂಗಳ ಇರುವವರೇ ಪುಣ್ಯವಂತರು. ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಇಳಿಜಾರಿನ ಬದಿಯಲ್ಲಿ ಎರಡು ಚಕ್ರಗಳಿಗೆ ಮುರಕಲ್ಲಿನ ತುಂಡು ಕೊಡಿ. ಪೆಟ್ರೋಲಿನ ವಾಸನೆ ಗಾಢವಾಗಿ ಬರುತ್ತಿದ್ದರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುವವರೆಗೆ ಕೀಲಿ ಮುಟ್ಟಬೇಡಿ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೆದ್ದಾರಿಯಲ್ಲಿ ಕಾರು ನಿಂತರೆ ಅಲ್ಲಿ ನಿಂತು ದೋಷ ಹುಡುಕುವುದೇ ಬೇಡ. ತಳ್ಳಿ ಅಂಚಿಗೆ ತಂದು, ಅಪಾಯದ ದೀಪ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಎಲ್ಲರೂ ತಡೆಬೇಲಿಯ ಆಚೆ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಸಂಖ್ಯೆ 112.

ಇನ್ನು, ಹೇಳಲು ನಾಚಿಕೆಯಾಗುವ ಆದರೆ ನಿತ್ಯ ಎದುರಾಗುವ ಕಾರಣಗಳನ್ನು ಮುಗಿಸಿಬಿಡೋಣ. ಆಟೋಮ್ಯಾಟಿಕ್ ಕಾರಿನ ಗೇರ್ ಪಿ ಅಥವಾ ಎನ್‌ನಲ್ಲಿ ಇಲ್ಲದಿದ್ದರೆ ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ವಿದ್ಯುತ್ ಮೋಟರ್, ಹೊಡೆಯುವುದಿಲ್ಲ. ಬಟನ್ ಒತ್ತುವ ಕಾರಿಗೆ ಬ್ರೇಕ್ ಅಥವಾ ಕ್ಲಚ್ ಪೂರ್ತಿ ತುಳಿದಿರಬೇಕು. ಪೆಡಲಿನಡಿ ಮ್ಯಾಟ್ ಮಡಚಿ ಕೂತಿದ್ದರೂ ಸಾಕು, ಕ್ಲಚ್ ಸ್ವಿಚ್ ಒತ್ತುವುದಿಲ್ಲ. ಕೀಲಿಯೇ ತಿರುಗದಿದ್ದರೆ ಅದು ಸ್ಟೀರಿಂಗ್ ಲಾಕ್: ಸ್ಟೀರಿಂಗನ್ನು ಎಡಬಲ ಅಲುಗಿಸುತ್ತಾ ಕೀಲಿಯನ್ನು ಮೆಲ್ಲಗೆ ತಿರುಗಿಸಿ.

ಮತ್ತೆ ಪೆಟ್ರೋಲು. ಗಡಿಯಾಚೆ ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ ಎಂದು ತಲಪಾಡಿ ದಾಟಿ ತುಂಬಿಸುವ ಲೆಕ್ಕಾಚಾರ ನಮ್ಮಲ್ಲಿ ಅನೇಕರಿಗಿದೆ, ಅದಕ್ಕೋಸ್ಕರ ಟ್ಯಾಂಕನ್ನು ಒಣಗಿಸಿಕೊಂಡೇ ಓಡಾಡುವುದೂ ಇದೆ. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಇರುವುದು ಟ್ಯಾಂಕಿನೊಳಗೆ, ಅದು ತಣ್ಣಗಾಗುವುದು ಆ ಪೆಟ್ರೋಲಿನಿಂದಲೇ. ತಳದಲ್ಲಿ ಸ್ವಲ್ಪವೇ ಉಳಿದ ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಇಂಧನ ಒಂದು ಮೂಲೆಗೆ ಸರಿದು ಪಂಪಿನ ಬಾಯಿಗೆ ಸಿಗದೆಯೂ ಹೋಗಬಹುದು. ಮುಳ್ಳು ಕೆಂಪು ಗೆರೆಯ ಹತ್ತಿರವಿದ್ದರೆ ಮೊದಲು ಎರಡು ಮೂರು ಲೀಟರ್ ತರಿಸಿ ಹಾಕಿ ನೋಡಿ. ಉಳಿತಾಯದ ಲೆಕ್ಕ ಆಮೇಲೆ.

ಸದ್ದಿನ ಲೆಕ್ಕ

ಕೀಲಿ ತಿರುಗಿಸಿದಾಗ ಏನು ಕೇಳಿಸಿತು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ಟಕಟಕಟಕ ಎಂದು ಬೇಗ ಬೇಗ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕಿದರೆ, ಇಲ್ಲವೇ ಎಂಜಿನ್ ಏದುಸಿರು ಬಿಡುತ್ತಾ ಅರ್ಧ ಸುತ್ತು ತಿರುಗಿ ನಿಂತರೆ, ಬ್ಯಾಟರಿ ಸೋತಿದೆ ಅಥವಾ ಅದರ ವಿದ್ಯುತ್ತು ಮೋಟರಿಗೆ ತಲುಪುತ್ತಿಲ್ಲ. ಟಕ್ ಎಂದು ಒಂದೇ ಒಂದು ಗಟ್ಟಿ ಸದ್ದು ಬಂದು ದೀಪಗಳು ಹಾಗೆಯೇ ಉರಿಯುತ್ತಿದ್ದರೆ ಸೆಲ್ಫ್ ಮೋಟರಿನ ಮೇಲೆ ಸಂಶಯಪಡಬೇಕು. ಏನೂ ಸದ್ದಿಲ್ಲ, ದೀಪ ಮಾತ್ರ ಇದೆ ಎಂದಾದರೆ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್), ಫ್ಯೂಸ್, ಕ್ಲಚ್ ಅಥವಾ ಗೇರಿನ ಸ್ವಿಚ್, ಇಗ್ನಿಷನ್ ಸ್ವಿಚ್ ಇವುಗಳಲ್ಲೊಂದು. ದೀಪವೂ ಇಲ್ಲದಿದ್ದರೆ ಬ್ಯಾಟರಿ ಪೂರ್ತಿ ಬರಿದು ಅಥವಾ ಅದರ ಕಂಬಕ್ಕೆ ತಂತಿ ಕಚ್ಚಿಸುವ ಟರ್ಮಿನಲ್ ಕಳಚಿದೆ. ಎಂಜಿನ್ ಎಂದಿನಂತೆ ಚುರುಕಾಗಿ ತಿರುಗುತ್ತಿದೆ ಆದರೆ ಹಿಡಿಯುತ್ತಿಲ್ಲ ಎಂದಾದರೆ ಬ್ಯಾಟರಿಯ ಸುದ್ದಿಯನ್ನು ಬಿಟ್ಟುಬಿಡಿ. ಇಂಧನ, ಕಿಡಿ, ಇಲ್ಲವೇ ಕಾರಿನ ಕಂಪ್ಯೂಟರಿನ ಅನುಮತಿ, ಈ ಮೂರರಲ್ಲಿ ಯಾವುದೋ ತಪ್ಪಿದೆ.

ಅನುಮಾನ ಉಳಿದರೆ ಹೆಡ್‌ಲೈಟ್ ಹಾಕಿ ಗೋಡೆಯ ಮೇಲಿನ ಬೆಳಕು ನೋಡುತ್ತಾ ಸೆಲ್ಫ್ ಹೊಡೆಯಿರಿ. ಬೆಳಕು ಬಹುತೇಕ ಆರಿಯೇ ಹೋದರೆ ಬ್ಯಾಟರಿಯ ಕಡೆಯ ದೋಷ. ಬೆಳಕು ಕದಲದೆ ನಿಂತು ಮೋಟರ್ ಮಾತ್ರ ತಿರುಗದಿದ್ದರೆ ವಿದ್ಯುತ್ತು ಮೋಟರಿನವರೆಗೆ ಹೋಗಿಯೇ ಇಲ್ಲ.

ಬ್ಯಾಟರಿ ಮತ್ತು ಅದರ ಕೊರಳು

ನಾನು ಕಂಡಂತೆ ನಮ್ಮ ಸುತ್ತಮುತ್ತ ನಿಂತುಹೋಗುವ ಕಾರುಗಳಲ್ಲಿ ಹೆಚ್ಚಿನವುಗಳ ಎಂಜಿನ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬ್ಯಾಟರಿ, ಟರ್ಮಿನಲ್ ಅಥವಾ ಬ್ಯಾಟರಿಯ ಮೈನಸನ್ನು ಕಾರಿನ ಮೈಗೆ ಕೂಡಿಸುವ ಅರ್ತ್ ತಂತಿ.

ಮುನ್ನೂರು ನಾನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್ ಮನೆಯಲ್ಲಿರಲಿ. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ಕಂಬಗಳ ನಡುವೆ ಅಳೆದರೆ 12.6 ವೋಲ್ಟ್ ಎಂದರೆ ಪೂರ್ತಿ ತುಂಬಿದೆ, 12.2ರ ಸುಮಾರಿಗೆ ಅರ್ಧ, 12ಕ್ಕಿಂತ ಕೆಳಗೆ ಎಂದರೆ ಬರಿದು. ಅದಕ್ಕಿಂತಲೂ ಸತ್ಯ ಹೇಳುವುದು ಸೆಲ್ಫ್ ಹೊಡೆಯುವಾಗಿನ ಅಂಕೆ. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಅಳತೆ ಸುಮಾರು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ, ಮೊದಲು 12.6 ತೋರಿಸಿದ್ದರೂ ಆ ಬ್ಯಾಟರಿಯನ್ನು ನಂಬುವಂತಿಲ್ಲ. ಬ್ಯಾಟರಿಗೆ ಮೂರರಿಂದ ಐದು ವರ್ಷ ಆಯುಷ್ಯ, ನಮ್ಮ ಸೆಕೆಗೆ ಕೆಲವು ಅದಕ್ಕೂ ಮೊದಲೇ ಕೈಕೊಡುತ್ತವೆ.

ಆದರೆ ಅಂಗಡಿಗೆ ಓಡುವ ಮುನ್ನ ಟರ್ಮಿನಲ್ ನೋಡಿ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಲೋಹ ಬೇಗ ಕಿಲುಬುತ್ತದೆ. ಟರ್ಮಿನಲ್ಲಿನ ಸುತ್ತ ಬಿಳಿ ಅಥವಾ ಹಸಿರುನೀಲಿ ಹುಡಿ ಕಟ್ಟಿದ್ದರೆ ಸರಿ, ಕಣ್ಣಿಗೆ ಕಾಣುತ್ತದೆ. ಮೋಸ ಮಾಡುವುದು ಕಾಣದ್ದು. ನೆರೆಮನೆಯವರೊಬ್ಬರು ಒಂದು ಬೆಳಗ್ಗೆ ಫೋನ್ ಮಾಡಿ, “ಬ್ಯಾಟರಿ ಹಾಕಿಸಿ ಮೂರು ತಿಂಗಳೂ ಆಗಲಿಲ್ಲ ಭಾವ, ಅಂಗಡಿಯವರು ಹಳೆಯದನ್ನೇ ಕೊಟ್ಟರೋ ಏನೋ” ಎಂದರು. ಹೋಗಿ ನೋಡಿದರೆ ಮೇಲಿಂದ ಎಲ್ಲವೂ ಚೊಕ್ಕ. ಮೈನಸ್ ಟರ್ಮಿನಲ್ಲನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ಅದು ಕಂಬದ ಮೇಲೆ ಸಲೀಸಾಗಿ ಸುತ್ತಿತು. ಬಿಚ್ಚಿದಾಗ ಒಳಮೈಯಲ್ಲಿ ಕಂದುಗಪ್ಪು ಪದರ, ಕಂಬದ ಒಂದು ಪಾರ್ಶ್ವ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಅಷ್ಟು ಕಿರಿದಾದ ತಾಣದಿಂದ ದೀಪಕ್ಕೆ, ಹಾರ್ನಿಗೆ ಬೇಕಾದಷ್ಟು ವಿದ್ಯುತ್ತು ಹಾಯುತ್ತದೆ. ನೂರಾರು ಆಂಪಿಯರ್ ಕೇಳುವ ಸೆಲ್ಫ್ ಮೋಟರಿಗೆ ಅದು ಸಾಲದು.

ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಕೂಡಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಈ ಕ್ರಮ ಶಾಸ್ತ್ರಕ್ಕಲ್ಲ: ಮೈನಸ್ ಕೂಡಿಕೊಂಡೇ ಇರುವಾಗ ಪ್ಲಸ್ ಬಿಚ್ಚುವ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ, ಕೈಯಲ್ಲಿ ಉಂಗುರವಿದ್ದರೆ ಅದೂ ಕಾದು ಸುಡುತ್ತದೆ. ಹೆಚ್ಚಿನ ಕಾರುಗಳಿಗೆ 10 ಮಿಲಿಮೀಟರಿನ ಸ್ಪ್ಯಾನರ್ ಸಾಕು. ಹುಡಿಯ ಮೇಲೆ ಅಡುಗೆ ಸೋಡ ಬೆರೆಸಿದ ಬಿಸಿನೀರು ಹನಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಕಂಬ ಮತ್ತು ಟರ್ಮಿನಲ್ಲಿನ ಒಳಮೈ ಹೊಳೆಯುವವರೆಗೆ ಮರಳುಕಾಗದ ಆಡಿಸಿ, ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳುವಾಗಿ ವ್ಯಾಸಲಿನ್ ಹಚ್ಚಬೇಕು. ಮೊದಲೇ ಒಳಗೆ ಹಚ್ಚಬಾರದು.

ಮೈನಸ್ ತಂತಿಯ ಇನ್ನೊಂದು ತುದಿಯನ್ನು ಯಾರೂ ನೋಡುವುದಿಲ್ಲ. ಅದು ಕಾರಿನ ಮೈಗೆ, ಅಲ್ಲಿಂದ ಗೇರ್‌ಬಾಕ್ಸಿಗೆ ಅಥವಾ ಎಂಜಿನ್ನಿಗೆ ಹೋಗಿ ಬೋಲ್ಟಿನಲ್ಲಿ ಕೂತಿರುತ್ತದೆ. ಮಳೆಗಾಲದ ಕೆಸರು ಎರಚಿ ಅಲ್ಲಿ ತುಕ್ಕು ಹಿಡಿದರೆ ಬ್ಯಾಟರಿ ಹೊಸದಾದರೂ ಸೆಲ್ಫ್ ನರಳುತ್ತದೆ. ಪರೀಕ್ಷೆ ಸುಲಭ: ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ.

ಇನ್ನೊಂದು ಕಾರಿನಿಂದ ವಿದ್ಯುತ್ತು ಪಡೆಯುವುದು

ಜಂಪರ್ ಕೇಬಲ್ ಕೊಳ್ಳುವಾಗ ಜುಗ್ಗತನ ಬೇಡ. ತೆಳುವಾದ ತಂತಿ ಬಿಸಿಯಾಗುತ್ತದೆಯೇ ಹೊರತು ಎಂಜಿನ್ ತಿರುಗಿಸುವುದಿಲ್ಲ. ಎರಡೂ ವಾಹನ 12 ವೋಲ್ಟಿನವೇ ಆಗಿರಬೇಕು. ದಾರಿಯಲ್ಲಿ ಸಿಕ್ಕಿದ ದೊಡ್ಡ ಲಾರಿ, ಬಸ್ಸಿನ 24 ವೋಲ್ಟನ್ನು ಕೂಡಿಸಿದರೆ ಕಾರಿನ ಕಂಪ್ಯೂಟರ್ ಸುಟ್ಟೇ ಹೋಗಬಹುದು. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಒಡೆದು ಆಸಿಡ್ ಸೋರುತ್ತಿದ್ದರೆ ಈ ಕೆಲಸಕ್ಕೇ ಕೈಹಾಕಬೇಡಿ. ಎರಡೂ ಕಾರು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎರಡನ್ನೂ ಆಫ್ ಮಾಡಿ, ಆಮೇಲೆ ಈ ಕ್ರಮ:

1. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ.
2. ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.
4. ಕಪ್ಪಿನ ಕೊನೆಯ ತುದಿ ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ.

ಕೊನೆಯ ಹೆಜ್ಜೆಯಲ್ಲಿ ನೇರವಾಗಿ ಬ್ಯಾಟರಿಯ ಮೈನಸ್‌ಗೆ ಹಾಕುವವರೇ ಹೆಚ್ಚು. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತಿರುತ್ತದೆ, ಕೊನೆಯ ಸಂಪರ್ಕದಲ್ಲಿ ಕಿಡಿ ಏಳುತ್ತದೆ. ಅವೆರಡೂ ಒಂದೇ ಜಾಗದಲ್ಲಿ ಸೇರಬಾರದು ಎಂಬುದಷ್ಟೇ ಇದರ ಉದ್ದೇಶ. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಲು ಬಿಡಿ, ಆಮೇಲೆ ನಿಮ್ಮದನ್ನು ಪ್ರಯತ್ನಿಸಿ. ಸ್ಟಾರ್ಟ್ ಆದರೆ ಕೇಬಲ್‌ಗಳನ್ನು ಹಾಕಿದ್ದಕ್ಕೆ ತಿರುವುಮುರುವಾಗಿ ತೆಗೆಯಿರಿ.

ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ತೋರಿಸಬೇಕು. 12.5ರ ಆಸುಪಾಸಿನಲ್ಲೇ ನಿಂತು ಇಳಿಯುತ್ತಿದ್ದರೆ ಆಲ್ಟರ್ನೇಟರ್, ಗ್ಯಾರೇಜಿನವರ ಬಾಯಲ್ಲಿ ಡೈನಮೋ, ಚಾರ್ಜ್ ಮಾಡುತ್ತಿಲ್ಲ. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಬೇಕೆಂದೇ ಚಾರ್ಜಿಂಗ್ ಇಳಿಸುವುದುಂಟು, ಆದ್ದರಿಂದ ಹೆಡ್‌ಲೈಟ್ ಹಾಕಿ ಅಳೆಯಿರಿ. ಡೈನಮೋ ಸತ್ತಿದ್ದರೆ ಆಸೆಬುರುಕತನದಿಂದ ಮಂಗಳೂರಿಗೆ ಹೊರಡಬೇಡಿ, ಕುಂಬಳೆ ದಾಟುವ ಮೊದಲೇ ನಿಂತೀತು. ಡೈನಮೋ ಸರಿಯಿದ್ದರೂ ಅರ್ಧ ಗಂಟೆಯ ಓಡಾಟದಿಂದ ಬರಿದಾದ ಬ್ಯಾಟರಿ ತುಂಬುವುದಿಲ್ಲ, ಚಾರ್ಜರಿಗೆ ಹಾಕಿಸಿ.

ತಳ್ಳಿ ಸ್ಟಾರ್ಟ್ ಮಾಡುವ ಬಗ್ಗೆ

ಇಳಿಜಾರು ಧಾರಾಳವಾಗಿರುವ ನಮ್ಮ ಊರಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಗೊತ್ತಿದೆ ಎಂಬ ಧೈರ್ಯವೇ ಅಪಾಯ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಸಿಗುವ ನೆರವು ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಸ್ಟೀರಿಂಗೂ ಭಾರ. ಇಳಿಜಾರಿನ ಬುಡದಲ್ಲಿ ಮುರಕಲ್ಲಿನ ಗೋಡೆಯೋ ತೋಡೋ ಇದ್ದರೆ ಈ ಸಾಹಸ ಬೇಡ.

ಮಾಡುವುದಾದರೆ: ಮ್ಯಾನುಯಲ್ ಗೇರಿನ ಕಾರು ಮಾತ್ರ. ಕೀಲಿ ಆನ್ ಇರಲೇಬೇಕು, ಇಲ್ಲವಾದರೆ ಸ್ಟೀರಿಂಗ್ ಲಾಕ್ ಆದೀತು. ಕ್ಲಚ್ ತುಳಿದು ಎರಡನೇ ಗೇರಿಗೆ ಹಾಕಿ, ಕಾರು ಓಡುವ ವೇಗ ಪಡೆದಾಗ ಕ್ಲಚ್ಚನ್ನು ಒಮ್ಮೆಲೇ ಬಿಟ್ಟು, ಹಿಡಿದ ತಕ್ಷಣ ಮತ್ತೆ ತುಳಿಯಿರಿ. ಮೊದಲ ಗೇರಿನಲ್ಲಿ ಚಕ್ರ ಕಚ್ಚಿ ಜಾರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪವೇ ಇಲ್ಲದಷ್ಟು ಬ್ಯಾಟರಿ ಸತ್ತಿದ್ದರೆ ತಳ್ಳಿಯೂ ಫಲವಿಲ್ಲ, ಪಂಪಿಗೂ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿಗೂ ವಿದ್ಯುತ್ತು ಬೇಕು. ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದ್ದೂ ಎಂಜಿನ್ ಹಿಡಿಯದಿದ್ದರೆ ತಳ್ಳುವುದಕ್ಕೆ ಅರ್ಥವೇ ಇಲ್ಲ: ತಳ್ಳುವುದು ಸೆಲ್ಫ್ ಮೋಟರಿನ ಕೆಲಸವನ್ನಷ್ಟೇ ಮಾಡುತ್ತದೆ. ಬೆವರಿಳಿಸಿದ ನೆರೆಯವರಿಗೆ ಚಹಾ ಮಾಡಿಕೊಟ್ಟದ್ದೊಂದೇ ಲಾಭ.

ಒಂದೇ ಟಕ್, ಅಥವಾ ಸದ್ದೇ ಇಲ್ಲ

ಬ್ಯಾಟರಿ, ಟರ್ಮಿನಲ್, ಅರ್ತ್ ಮೂರೂ ಸರಿ ಎಂದು ಅಳೆದು ಖಚಿತವಾದ ಮೇಲೆ ಸೆಲ್ಫ್ ಮೋಟರಿಗೆ ಬನ್ನಿ. ಅದರೊಳಗಿನ ಕಾರ್ಬನ್ ಬ್ರಷ್ ಸವೆದು ಸಂಪರ್ಕ ತಪ್ಪಿದ್ದರೆ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಬ್ಬರು ಕೀಲಿ ಹಿಡಿದಿರುವಾಗ ಇನ್ನೊಬ್ಬರು ಮೋಟರಿನ ಮೈಗೆ ವೀಲ್ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ತಿರುಗುತ್ತದೆ. ತಟ್ಟುವುದೆಂದರೆ ತಟ್ಟುವುದು, ಹೊಡೆಯುವುದಲ್ಲ. ತಿರುಗಿದರೆ ನೇರ ಗ್ಯಾರೇಜಿಗೆ ಹೋಗಿ, ನಡುವೆ ಎಲ್ಲೂ ಎಂಜಿನ್ ಆರಿಸಬೇಡಿ. ಮೋಟರನ್ನೇ ಬದಲಿಸಬೇಕೆಂದು ಹೇಳಿದರೆ ಬ್ರಷ್ ಮಾತ್ರ ಹಾಕಿ ಸರಿಪಡಿಸಲು ಆಗುತ್ತದೆಯೇ ಎಂದು ಕೇಳಿ. ಅನೇಕ ಸಲ ಆಗುತ್ತದೆ.

ಸದ್ದೇ ಇಲ್ಲದಿದ್ದರೆ ಫ್ಯೂಸ್ ಪೆಟ್ಟಿಗೆ. ಮುಚ್ಚಳದ ಒಳಬದಿಯಲ್ಲಿ ಯಾವುದು ಯಾವುದಕ್ಕೆ ಎಂಬ ಚಿತ್ರವಿರುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟದ್ದರ ಜಾಗಕ್ಕೆ ಅದೇ ಬಣ್ಣದ್ದು ಬರಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತಿ ಕೂರಿಸುವ ಉಪಾಯವನ್ನು ಕಾರಿಗೆ ಬೆಂಕಿ ಬೀಳಲಿ ಎಂಬ ಆಸೆಯಿದ್ದವರು ಮಾಡಬಹುದು. ಸ್ಟಾರ್ಟರ್ ರಿಲೇ ಸಂಶಯವಿದ್ದರೆ ಅದೇ ಪೆಟ್ಟಿಗೆಯಲ್ಲಿ ಅದೇ ಸಂಖ್ಯೆ ಮುದ್ರಿಸಿದ ಇನ್ನೊಂದನ್ನು, ಉದಾಹರಣೆಗೆ ಹಾರ್ನಿನದ್ದನ್ನು, ಅದಲುಬದಲು ಮಾಡಿ ನೋಡಿ. ಪೈಸೆ ಖರ್ಚಿಲ್ಲದ ಪರೀಕ್ಷೆ.

ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ

ಇಲ್ಲಿಂದ ತಾಳ್ಮೆಯ ಕೆಲಸ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಕೀಲಿಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ದೀಪ ಹೊತ್ತಿಕೊಳ್ಳಬೇಕು. ಹೊತ್ತದಿದ್ದರೆ ಎಂಜಿನ್ ಕಂಪ್ಯೂಟರಿಗೇ ವಿದ್ಯುತ್ತು ಹೋಗುತ್ತಿಲ್ಲ ಎಂಬ ಸಂಶಯ; ಅದರ ಫ್ಯೂಸ್, ಮುಖ್ಯ ರಿಲೇ ನೋಡಿ. ಕೀಲಿಯ ಅಥವಾ ಬೀಗದ ಚಿತ್ರವಿರುವ ದೀಪ ಬೇಗ ಬೇಗ ಮಿನುಗುತ್ತಿದ್ದರೆ ಕಳ್ಳರಿಂದ ಕಾರು ಕಾಯುವ ಇಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸಿಲ್ಲ. ಎಂಜಿನ್ ಹಿಡಿದು ಎರಡೇ ಸೆಕೆಂಡಿನಲ್ಲಿ ಆರುವುದೂ ಇದರ ಲಕ್ಷಣ. ಎರಡನೇ ಕೀಲಿ ತಂದು ನೋಡಿ. ಬಟನ್ ಸ್ಟಾರ್ಟ್ ಕಾರಾದರೆ ರಿಮೋಟಿನ ಬ್ಯಾಟರಿ ಮುಗಿದಿರಬಹುದು, ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ ಬಿಲ್ಲೆ. ರಿಮೋಟನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಿದರೆ ಅನೇಕ ಕಾರುಗಳು ಒಪ್ಪಿಕೊಳ್ಳುತ್ತವೆ. ಆ ಎರಡನೇ ಕೀಲಿ ದುಬೈಯಲ್ಲಿರುವ ಮಗನ ಕಪಾಟಿನಲ್ಲಿದ್ದರೆ ಏನೂ ಮಾಡುವಂತಿಲ್ಲ.

ಮುಂದೆ ಪಂಪಿನ ಸದ್ದು. ಪೆಟ್ರೋಲ್ ಕಾರಿನಲ್ಲಿ ಕೀಲಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ಗುಯ್ ಎಂಬ ಸಣ್ಣ ಸದ್ದು ಬಂದು ನಿಲ್ಲಬೇಕು. ಒಬ್ಬರು ಕೀಲಿ ತಿರುಗಿಸಲಿ, ನೀವು ಹಿಂದಿನ ಸೀಟಿಗೆ ಕಿವಿಗೊಡಿ. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ. ಅವು ಸರಿಯಿದ್ದರೆ ಪಂಪ್ ಅಥವಾ ಅದರ ತಂತಿ. ಕಾರು ಹೊಂಡಕ್ಕೆ ಬಿದ್ದು ಗಟ್ಟಿಯಾಗಿ ಅಪ್ಪಳಿಸಿದ ಮೇಲೆ ನಿಂತಿದ್ದರೆ, ಕೆಲವು ಮಾದರಿಗಳಲ್ಲಿ ಅಪಘಾತವೆಂದು ಭಾವಿಸಿ ಇಂಧನ ಕಡಿಯುವ ಸ್ವಿಚ್ ಕೆಲಸ ಮಾಡಿರುತ್ತದೆ; ಅದನ್ನು ಮರಳಿಸುವ ಬಗೆ ಕಾರಿನ ಕೈಪಿಡಿಯಲ್ಲಿದೆ.

ಗುಯ್ ಸದ್ದೂ ಇದೆ, ಪೆಟ್ರೋಲಿನ ವಾಸನೆಯೂ ಹೊಡೆಯುತ್ತಿದೆ ಎಂದಾದರೆ ಎಂಜಿನ್ ತೊಯ್ದಿರಬಹುದು. ಶೆಡ್ಡಿನಿಂದ ಹೊರಗೆ ತಂದು ಅರ್ಧ ನಿಮಿಷದಲ್ಲಿ ಆರಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದು ಎಂಟು ಹತ್ತು ಸೆಕೆಂಡು ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಬರಿ ಗಾಳಿ ಹಾಯಿಸುತ್ತದೆ. ಹಿಡಿದ ಕೂಡಲೇ ಕಾಲು ತೆಗೆಯಿರಿ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರನ್ನು ಪಂಪಿನಂತೆ ತುಳಿಯುವುದು ಕಾರ್ಬ್ಯುರೇಟರ್ ಕಾಲದ ಹಳೆಯ ಮಾರುತಿ 800, ಅಂಬಾಸಿಡರಿಗೆ ಸರಿ, ಇಂದಿನ ಕಾರಿಗೆ ಅದರಿಂದ ಪ್ರಯೋಜನವಿಲ್ಲ.

ಕಿಡಿಯ ಪರೀಕ್ಷೆಗೆ ಪ್ಲಗ್ಗಿನ ತಂತಿ ಕಿತ್ತು ಕೈಯಲ್ಲಿ ಹಿಡಿಯುವ ಹಳಬರ ಪದ್ಧತಿ ಬೇಡ. ಇಂದಿನ ಕಾಯಿಲ್‌ನಿಂದ ಬರುವುದು ಹತ್ತಾರು ಸಾವಿರ ವೋಲ್ಟ್; ಕೈಗೂ ಕೆಟ್ಟದ್ದು, ಕಾಯಿಲ್‌ಗೂ ಕೆಟ್ಟದ್ದು. ಆಟಿಯ ಮಳೆಯಲ್ಲಿ ನಿಂತ ಹಳೆಯ ಕಾರಾದರೆ ಪ್ಲಗ್ ತಂತಿ, ಡಿಸ್ಟ್ರಿಬ್ಯೂಟರ್ ಮುಚ್ಚಳಗಳ ತೇವವನ್ನು ಒಣಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಬಾನೆಟ್ ತೆರೆದಿಡಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ಒಂದು ಗಂಟೆ ಬಿಟ್ಟು ಮತ್ತೆ ಏನೂ ಆಗದಂತೆ ಓಡುವ ಕಾರಿನಲ್ಲಿ ಎಂಜಿನ್ನಿನ ತಿರುಗುವಿಕೆಯನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರನ್ನು ಸಂಶಯಿಸಿ.

ಇಲಿಯ ಕೈವಾಡ

ಯಾವ ಕಂಪನಿಯ ಕೈಪಿಡಿಯಲ್ಲೂ ಇದಕ್ಕೆ ತಕ್ಕಷ್ಟು ಜಾಗ ಕೊಟ್ಟದ್ದನ್ನು ನಾನು ಕಂಡಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಬದಿಯಲ್ಲಿ, ತೆಂಗಿನಕಾಯಿ ಕೂಡಿಟ್ಟ ಶೆಡ್ಡಿನಲ್ಲಿ ಕಾರು ನಿಲ್ಲಿಸುವ ನಮಗೆ ಮಳೆಗಾಲದಲ್ಲಿ ಇಲಿಯೇ ಮೊದಲ ಶತ್ರು. ಹೊರಗೆ ನೀರು, ಚಳಿ, ಎಂಜಿನ್ ಬೆಚ್ಚಗೆ.

ನಿನ್ನೆ ರಾತ್ರಿ ಸರಿಯಾಗಿ ಬಂದು ನಿಂತ ಕಾರು ಇಂದು ಬೆಳಗ್ಗೆ ತಿರುಗುತ್ತದೆ ಆದರೆ ಹಿಡಿಯುವುದಿಲ್ಲ, ಅಥವಾ ಹಿಡಿದರೂ ಕುಂಟುತ್ತಾ ನಡುಗುತ್ತದೆ ಎಂದಾದರೆ ಟಾರ್ಚ್ ಹಿಡಿದು ಹುಡುಕಿ. ಮೊದಲು ಸಿಗುವುದು ಗುರುತುಗಳು: ಬ್ಯಾಟರಿಯ ಮೇಲೆ ಕರಿಅಕ್ಕಿಯಂಥ ಹಿಕ್ಕೆ, ಬಾನೆಟ್ಟಿನ ಒಳಹಾಸಿನಿಂದ ಕಿತ್ತ ಹತ್ತಿ, ಅಡಿಕೆ ಸಿಪ್ಪೆಯ ನಾರು. ಒಂದು ಕಾರಿನಲ್ಲಿ ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಅದರಡಿಯಲ್ಲಿ ನಾರು, ಕಾಗದ, ಬಟ್ಟೆಯ ಚೂರು ಸೇರಿಸಿ ಕಟ್ಟಿದ ಗೂಡು, ನಡುವೆ ಅರ್ಧ ತಿಂದ ಕೊಬ್ಬರಿ. ಇಂಜೆಕ್ಟರಿಗೆ ಹೋಗುವ ತಂತಿಯನ್ನು ಪೂರ್ತಿ ಕಡಿದಿರಲಿಲ್ಲ. ಹಸಿರು ಹೊದಿಕೆಯನ್ನು ಎರಡು ಅಂಗುಲ ಉದ್ದಕ್ಕೆ ಸುಲಿದಿತ್ತು, ತಾಮ್ರದ ಎಳೆಗಳಲ್ಲಿ ಮೂರೋ ನಾಲ್ಕೋ ಮಾತ್ರ ಉಳಿದಿದ್ದವು. ಕಣ್ಣು ಹಾಯಿಸಿದರೆ ಕಾಣದು. ತಂತಿಯ ಗುಂಪಿನ ಹಿಂಬದಿಗೆ ಬೆರಳು ಸವರುತ್ತಾ ಹೋದರೆ ಮುಳ್ಳಿನಂತೆ ಚುಚ್ಚುತ್ತದೆ. ಹುಡುಕುವಾಗ ಬ್ಯಾಟರಿಯ ಮೈನಸ್ ಬಿಚ್ಚಿರಬೇಕು. ಕೈಗವಸು ಹಾಕಿಕೊಳ್ಳಿ, ಹಿಕ್ಕೆ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಮಳೆಗಾಲದ ಇಲಿಜ್ವರ ತಮಾಷೆಯಲ್ಲ.

ಕಡಿದ ತಂತಿಯನ್ನು ಸುಮ್ಮನೆ ಹುರಿಗೊಳಿಸಿ ಟೇಪ್ ಸುತ್ತಿದರೆ ಗ್ಯಾರೇಜ್ ತಲುಪಲು ಸಾಕು, ಬಾಳಿಕೆಗೆ ಸಾಲದು. ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಕೊಳವೆ ಹೊದಿಸಬೇಕು. ಇಲಿ ಬಾರದಂತೆ ಹೊಗೆಸೊಪ್ಪು, ಕರ್ಪೂರ, ಸ್ಪ್ರೇ ಎಂದು ಊರಿಗೊಂದು ಮದ್ದಿದೆ. ನನಗೆ ಯಾವುದರಲ್ಲೂ ಪೂರ್ತಿ ನಂಬಿಕೆಯಿಲ್ಲ. ಡಿಕ್ಕಿಯಲ್ಲಿ ಅಕ್ಕಿ, ಹಿಂಡಿ, ಕಾಯಿ ಬಿಡದಿರುವುದು, ಸಿಪ್ಪೆಯ ರಾಶಿಯಿಂದ ದೂರ ನಿಲ್ಲಿಸುವುದು, ರಾತ್ರಿ ಬಾನೆಟ್ ತೆರೆದಿಟ್ಟು ಬೆಳಕು ಬೀಳುವಂತೆ ಮಾಡುವುದು, ಇವು ಹೆಚ್ಚು ಉಪಯೋಗಕ್ಕೆ ಬಂದಿವೆ.

ಡೀಸೆಲ್ ಕಾರಾದರೆ

ಸುರುಳಿಯ ಚಿತ್ರದ ಹಳದಿ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು ಎಂಬುದು ಗೊತ್ತೇ ಇದೆ. ಆದರೆ ನಮ್ಮ ಹವೆಯಲ್ಲಿ ಹೀಟರ್ ಪ್ಲಗ್ ಕೆಟ್ಟದ್ದೊಂದರಿಂದಲೇ ಸ್ಟಾರ್ಟ್ ಆಗದಿರುವುದು ಅಪರೂಪ. ಡೀಸೆಲ್ ಫಿಲ್ಟರಿನಲ್ಲಿ ನೀರು ಸೇರುವುದು, ಟ್ಯಾಂಕ್ ಬರಿದಾದ ಮೇಲೆ ಕೊಳವೆಯಲ್ಲಿ ಗಾಳಿ ಸೇರುವುದು ಹೆಚ್ಚು. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಹೋಗಲು ಬಿಡಿ. ಕೈಪಂಪ್ ಇರುವ ಕಾರಾದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಎಂಜಿನ್ನಿನ ಲೋಹದ ಇಂಧನ ಕೊಳವೆಗಳ ನಟ್ಟಿಗೆ ಮಾತ್ರ ಕೈಹಾಕಬೇಡಿ: ಒಳಗಿನ ಒತ್ತಡ ಸಾವಿರ ಬಾರ್‌ಗೂ ಮೀರುತ್ತದೆ, ಕೂದಲೆಳೆಯಷ್ಟು ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ತಪ್ಪಿ ಪೆಟ್ರೋಲ್ ತುಂಬಿಸಿದ್ದು ಬಂಕಿನಲ್ಲೇ ಗೊತ್ತಾದರೆ ಕೀಲಿಯನ್ನು ಆನ್ ಕೂಡ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

ಕೀಲಿ ಮುಟ್ಟಲೇಬಾರದ ಸಂದರ್ಭಗಳು

ಪಯಸ್ವಿನಿಯೋ ಶಿರಿಯಾ ಹೊಳೆಯೋ ಉಕ್ಕಿ ತಗ್ಗಿನ ರಸ್ತೆಯಲ್ಲಿ ನೀರು ನಿಂತಾಗ ದಾಟಲು ಹೋಗಿ ಎಂಜಿನ್ ಆರಿದರೆ, ಅಥವಾ ಅಂಗಳದಲ್ಲೇ ಕಾರು ಮುಳುಗಿದ್ದರೆ, ಸೆಲ್ಫ್ ಹೊಡೆಯುವುದು ಸಾವಿರಗಳಲ್ಲಿ ಮುಗಿಯುವುದನ್ನು ಲಕ್ಷಕ್ಕೆ ಏರಿಸುವ ಕೆಲಸ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಮೇಲೇರಲು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೈನಸ್ ಟರ್ಮಿನಲ್ ಬಿಚ್ಚಿ, ಏರ್ ಫಿಲ್ಟರ್ ತೆರೆದು ಒದ್ದೆಯಾಗಿದೆಯೇ ನೋಡಿ, ಆಯಿಲ್ ಕಡ್ಡಿ ಎಳೆದು ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದೆಯೇ ನೋಡಿ, ಫೋಟೋ ತೆಗೆದಿಡಿ. ಸಾಮಾನ್ಯ ವಿಮೆಯಲ್ಲಿ ಈ ಎಂಜಿನ್ ಹಾನಿ ಸೇರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕು.

ಇನ್ನೊಂದು, ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರಾಗಿ, ಲಯವೇ ಇಲ್ಲದೆ ಒಂದೇ ಸಮನೆ ಝುಯ್ ಎಂದು ತಿರುಗುವುದು. ಪಿಸ್ಟನ್ನಿನ ಓಟಕ್ಕೆ ವಾಲ್ವುಗಳನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹೋಗಿರಬಹುದು. ಮತ್ತೆ ಮತ್ತೆ ತಿರುಗಿಸಿದರೆ ಪಿಸ್ಟನ್ ವಾಲ್ವಿಗೆ ಬಡಿಯಬಹುದು. ಅಲ್ಲಿಗೇ ನಿಲ್ಲಿಸಿ.

ತಿಂಗಳುಗಟ್ಟಲೆ ನಿಂತ ಕಾರು

ಗಲ್ಫಿನಿಂದ ವರ್ಷಕ್ಕೊಮ್ಮೆ ಬರುವವರ ಕಾರುಗಳು ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಹೊದಿಕೆಯಡಿ ಮಲಗಿವೆ. ನಿಂತ ಕಾರೂ ಗಡಿಯಾರ, ಅಲಾರಂ, ಕಂಪ್ಯೂಟರಿಗೆ ವಿದ್ಯುತ್ತು ಕುಡಿಯುತ್ತದೆ. 50 ಮಿಲಿಆಂಪಿಯರಿಗಿಂತ ಕಡಿಮೆಯಿದ್ದರೆ ಸಹಜ. ಅಷ್ಟೇ ಸಾಕು ಒಂದೆರಡು ತಿಂಗಳಲ್ಲಿ ಬ್ಯಾಟರಿ ಬರಿದಾಗಲು. ಊರಿಂದ ಹೊರಡುವ ದಿನ ಮೈನಸ್ ಬಿಚ್ಚಿಟ್ಟು ಹೋಗಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ ಎಂದು ಮನೆಯವರಿಗೆ ಹೇಳಿ ಹೋಗುವುದರಿಂದ ಬ್ಯಾಟರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಯಾರಾದರೂ ಅರ್ಧ ಗಂಟೆ ಓಡಿಸುವುದಾದರೆ ಸರಿ. ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ, ಅದು ತೇವ ಹೀರುವ ಗುಣದ್ದು. ಆರು ತಿಂಗಳು ನಿಂತ ಕಾರು ತಿರುಗಿಯೂ ಹಿಡಿಯದಿದ್ದರೆ ಟ್ಯಾಂಕಿನ ಹಳೆಯ ಪೆಟ್ರೋಲನ್ನು ಸಂಶಯಿಸಿ ಹೊಸದನ್ನು ಹಾಕಿಸಿ.

ಗ್ಯಾರೇಜಿಗೆ ಹೇಳುವಾಗ

ಡ್ಯಾಶ್‌ಬೋರ್ಡಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಜಾಗ) ಚುಚ್ಚಿ ಮೊಬೈಲಿನಲ್ಲಿ ಓದುವ ಸಣ್ಣ ಸ್ಕ್ಯಾನರ್ ಇದ್ದರೆ ಕೋಡ್ ಬರೆದಿಟ್ಟುಕೊಳ್ಳಿ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ದಾರಿ, ಪಿ0340 ಕ್ಯಾಮ್ ಸೆನ್ಸರಿನದ್ದು, ಪಿ0087 ಇಂಧನದ ಒತ್ತಡ ಸಾಲದು. ಕೋಡ್ ತೋರಿಸುವುದು ದೋಷ ಕಂಡ ದಾರಿಯನ್ನೇ ಹೊರತು ಕೆಟ್ಟ ಭಾಗವನ್ನಲ್ಲ. ಪಿ0335 ಬಂದ ಕಾರಿನಲ್ಲಿ ಸೆನ್ಸರ್ ಸರಿಯಾಗಿದ್ದು ಇಲಿ ಅದರ ತಂತಿ ಕಡಿದಿರುವುದೂ ಇದೆ. ಅಳಿಸಿಹಾಕುವ ಬಟನ್ ಒತ್ತಬೇಡಿ, ಮೆಕ್ಯಾನಿಕ್ಕಿಗೆ ಅದು ಬೇಕು.

“ಸ್ಟಾರ್ಟ್ ಆಗುವುದಿಲ್ಲ” ಎಂದಷ್ಟೇ ಹೇಳಿದರೆ ಅವರು ಬರಿಗೈಯಲ್ಲಿ ಬರುತ್ತಾರೆ. ಸೆಲ್ಫ್ ಹೊಡೆಯುತ್ತದೆಯೇ ಇಲ್ಲವೇ, ಬ್ಯಾಟರಿ ಎಷ್ಟು ವೋಲ್ಟ್, ಪಂಪಿನ ಸದ್ದು ಇದೆಯೇ, ಯಾವ ದೀಪ ಉರಿಯುತ್ತಿದೆ, ನಿನ್ನೆ ಏನಾದರೂ ಕೆಲಸ ಮಾಡಿಸಿದ್ದಿರೇ, ಇಷ್ಟು ಹೇಳಿ. ಇನ್ನೂ ಒಳ್ಳೆಯದು, ಡ್ಯಾಶ್‌ಬೋರ್ಡ್ ಕಾಣುವಂತೆ ಮೊಬೈಲ್ ಹಿಡಿದು ಸೆಲ್ಫ್ ಹೊಡೆಯುವ ಸದ್ದಿನ ವಿಡಿಯೋ ಕಳುಹಿಸಿ; ಪೇಟೆಯ ಮೆಕ್ಯಾನಿಕ್ ತುಳುವಿನವರಾಗಲಿ ಮಲಯಾಳದವರಾಗಲಿ, ಬರುವಾಗ ಬ್ಯಾಟರಿ ತರಬೇಕೋ ಪಂಪ್ ತರಬೇಕೋ ಎಂದು ಅವರಿಗೆ ಅದರಲ್ಲೇ ತಿಳಿಯುತ್ತದೆ.

ಎಳೆದುಕೊಂಡೇ ಹೋಗಬೇಕಾಗಿ ಬಂದರೆ, ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ, ಗೇರ್‌ಬಾಕ್ಸ್ ಹಾಳಾಗುತ್ತದೆ. ನಾಲ್ಕೂ ಚಕ್ರ ನೆಲ ಬಿಡುವಂಥ ವಾಹನವನ್ನೇ ಕರೆಯಿರಿ. ಮ್ಯಾನುಯಲ್ ಕಾರಾದರೆ ಕೀಲಿ ಆನ್, ಗೇರ್ ನ್ಯೂಟ್ರಲ್, ಬ್ರೇಕ್ ಗಟ್ಟಿಯಿರುತ್ತದೆಂದು ಗೊತ್ತಿರುವವರೇ ಸ್ಟೀರಿಂಗಿನಲ್ಲಿ. ರಿಪೇರಿ ಮುಗಿದ ಮೇಲೆ ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಅದರ ಹೆಸರೂ ವಾರಂಟಿಯ ಅವಧಿಯೂ ಬರೆದಿದೆಯೇ ನೋಡಿಕೊಂಡು ಹಣ ಕೊಡಿ.